ರಸ್ತೆಯಾಚೆ ನಿಂತು ನೋಡಿದ ಕಿಟಕಿ

ಅವಳಿಗೊಂದು ಸಣ್ಣ ಭಯ ಹಿಡಿದಿತ್ತು. ಯಾರ ಹತ್ತಿರ ಹೇಳಿಕೊಂಡರೂ ನಕ್ಕುಬಿಡುವಷ್ಟು ಸಣ್ಣದು. ಡೈರಿಯಲ್ಲಿ ಬರೆಯೋಣವೆಂದು ಕೂತರೆ ಪೆನ್ನಿಗೇ ನಾಚಿಕೆಯಾಗುವಷ್ಟು ಸಣ್ಣದು. ಮನೆಯ ಕಿಟಕಿಗಳಿಗೆ ಯಾವ ಬಣ್ಣದ ಚೌಕಟ್ಟು ಹಾಕಿಸೋಣವೆಂದು ಅಪ್ಪ ಕೇಳಿದಾಗ ಕಪ್ಪು ಚೆನ್ನಾಗಿದೆ ಎಂದಿದ್ದಳು. ಅಮ್ಮ ಕೇಳಿದಾಗ ಕಡು ಕಂದು ಚೆನ್ನಾಗಿದೆ ಎಂದಿದ್ದಳು. ಅಣ್ಣ ಕೇಳಿದಾಗ ಇದ್ದಿಲಿನ ಬಣ್ಣ ಚೆನ್ನಾಗಿದೆ ಎಂದಿದ್ದಳು. ಮೂವರೂ ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಮೂಲೆಯಲ್ಲಿ, ದನಿ ತಗ್ಗಿಸಿ ಕೇಳಿದ್ದರು. ಈ ಮೂವರೂ ಒಂದು ದಿನ ಒಂದೇ ಕಡೆ ಕೂತು ಇದೇ ಮಾತು ತೆಗೆದರೆ ತನ್ನ ಗತಿಯೇನು? ಒಂದೇ ಸೂರಿನ ಕೆಳಗೆ ಇರುವವರು, ಒಂದೇ ಟೇಬಲ್ಲಿಗೆ ಊಟಕ್ಕೆ ಕೂರುವವರು. ಆ ದಿನ ಬಂದೇ ಬರುತ್ತದೆ.

ಹಾಗಂತ ಅವಳು ಸುಳ್ಳುಬುರುಕಿಯಲ್ಲ. ಕೇಳಿದವರ ಮುಖದಲ್ಲಿ ಉತ್ತರ ಮೊದಲೇ ಬರೆದಿರುತ್ತಿತ್ತು, ಇವಳು ಅದನ್ನು ಓದಿ ಹೇಳುತ್ತಿದ್ದಳು, ಅಷ್ಟೇ. ಓದುವುದೇ ಅವಳ ಕೆಲಸ ಕೂಡ. ಪದವಿ ಮುಗಿಸಿದ ಮೇಲೆ ಒಂದು ಪ್ರೆಸ್ಸಿನವರು ಕಳಿಸುವ ಪುಸ್ತಕದ ಹಾಳೆಗಳನ್ನು ಮನೆಯಲ್ಲೇ ಕೂತು ತಿದ್ದುತ್ತಿದ್ದಳು. ಯಾವನೋ ಲೇಖಕ ಬಿಟ್ಟ ಕೊಂಬು, ದೀರ್ಘಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಧೈರ್ಯವಾಗಿ ಗೀಚುವವಳಿಗೆ ಎದುರಿಗೊಬ್ಬ ಮನುಷ್ಯ ಬಂದು ನಿಂತರೆ ಮಾತ್ರ ನಾಲಿಗೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ಮನೆಯವರು ಇಂದಿಗೂ ಅವಳನ್ನು ಮರಿ ಎಂದೇ ಕರೆಯುತ್ತಿದ್ದರು. ಮರಿಯನ್ನು ಏನು ಕೇಳಿದರೂ ಹೂಂ ಅನ್ನುತ್ತೆ, ಬಂಗಾರದಂಥ ಮಗು, ಎಂಬುದು ಅವಳ ಬಗ್ಗೆ ಮನೆಯಲ್ಲಿದ್ದ ಒಂದೇ ಅಭಿಪ್ರಾಯ.

ಈ ಚೌಕಟ್ಟಿನ ರಗಳೆ ಹತ್ತಿಕೊಂಡದ್ದು ಗೆದ್ದಲಿನಿಂದ. ಹಳೆಯ ಮರದ ಕಿಟಕಿಗಳು ಒಳಗೊಳಗೇ ಟೊಳ್ಳಾಗಿ, ಹೊಸದಾಗಿ ಅಲ್ಯೂಮಿನಿಯಂ ಹಾಕಿಸುವುದೆಂದಾಯಿತು. ಹೊರಗೋಡೆಗೆ ಆಗಷ್ಟೇ ಬಿಳಿ ಬಣ್ಣ ಬಳಿಸಿದ್ದರು. ವಿಮೆ ಕಚೇರಿಯಿಂದ ನಿವೃತ್ತರಾಗಿ ಹೊತ್ತು ಹೋಗದೆ ಒದ್ದಾಡುತ್ತಿದ್ದ ಅಪ್ಪನಿಗೆ ಹುಲ್ಲುಗಾವಲು ಕಂಡ ಹಾಗಾಯಿತು. ಬಿಳಿ ಗೋಡೆಗೆ ಬಿಳಿ ಕಿಟಕಿ ಹಾಕಿದರೆ ಮನೆಗೆ ಕಣ್ಣೇ ಇಲ್ಲದ ಹಾಗಿರುತ್ತೆ, ಕಡುಬಣ್ಣವೇ ಆಗಬೇಕು ಎಂದರು. ಅಲ್ಲಿಯವರೆಗೆ ಎಲ್ಲರೂ ಒಪ್ಪಿದರು. ಯಾವ ಕಡುಬಣ್ಣ ಎನ್ನುವಲ್ಲಿ ಮನೆ ಮೂರು ಹೋಳಾಯಿತು.

"ಕಪ್ಪೇ ಸರಿ ಕಣೇ. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ!" ಎಂದರು ಅಪ್ಪ.

"ಕಾಡಿಗೆ ಅಲ್ಲ, ಕಣ್ಣ ಕೆಳಗಿನ ಕಪ್ಪು. ಮನೆ ನಿದ್ದೆಗೆಟ್ಟ ಹಾಗೆ ಕಾಣುತ್ತೆ," ಎಂದರು ಅಮ್ಮ. "ಬಾಗಿಲು ಕಂದು ಇದೆ. ಕಿಟಕಿನೂ ಕಂದೇ ಇರ್ಲಿ. ಅಕ್ಕ ತಂಗೀರ ಹಾಗೆ."

"ಎರಡೂ ಹಳೇ ಕಾಲದ್ದು," ಎಂದ ಅಣ್ಣ, ಫೋನಿನಿಂದ ತಲೆಯೆತ್ತದೆ. "ಈಗೆಲ್ಲ ಇದ್ದಿಲು ಬಣ್ಣ. ಕಪ್ಪೂ ಅಲ್ಲ, ಬೂದಿನೂ ಅಲ್ಲ."

"ಅದೂ ಅಲ್ಲ, ಇದೂ ಅಲ್ಲ. ನಿನ್ನ ಹಾಗೇನೇ," ಎಂದರು ಅತ್ತೆ. ಅಪ್ಪನ ಅಕ್ಕ ಇವರು. ಈ ಮನೆಯಲ್ಲೇ ಇರುವವರು. ಕಿವಿ ಮಂದ, ಬಾಯಿ ಚುರುಕು. ಹಳೆಯ ಕಿಟಕಿಗೆ ಏನು ರೋಗ ಬಂದಿತ್ತು ಎಂಬ ಪ್ರಶ್ನೆಯಿಂದ ಅವರು ಮುಂದೆ ಬಂದೇ ಇರಲಿಲ್ಲ. ಗೆದ್ದಲು ಅತ್ತೆ, ಎಂದರೆ, "ಗದ್ದಲ ಮಾಡ್ತಿರೋರು ನೀವು, ಕಿಟಕಿ ಪಾಡಿಗೆ ಕಿಟಕಿ ಇದೆ," ಎನ್ನುತ್ತಿದ್ದರು.

ಅಪ್ಪನದು ಕಣ್ಣಾರೆ ಕಂಡೇ ನಂಬುವ ಜಾಯಮಾನ. ಒಂದು ಬೆಳಿಗ್ಗೆ ಕಪ್ಪು ಡ್ರಾಯಿಂಗ್ ಹಾಳೆಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಅವಳ ಕೋಣೆಯ ಕಿಟಕಿಯ ಸುತ್ತ ಅಂಟಿಸಿದರು. ಅವಳ ಕಿಟಕಿಯೇ ಯಾಕೆಂದರೆ ರಸ್ತೆಗೆ ಮುಖ ಮಾಡಿದ ಮೂರರಲ್ಲಿ ಅದೇ ದೊಡ್ಡದು. ಆ ಕೋಣೆ ಹಿಂದಿನ ಮಾಲೀಕರ ಕಾಲದಲ್ಲಿ ಅಂಗಡಿಯಾಗಿತ್ತಂತೆ. ಷಟರ್ ತೆಗೆದು ಆ ಜಾಗಕ್ಕೆ ಕಿಟಕಿ ಕೂರಿಸಿದ್ದರು. ಅಂಗಡಿಯ ಅಗಲ ಹಾಗೇ ಉಳಿದಿತ್ತು. ಹಾಳೆ ಅಂಟಿಸಿದ ಮೇಲೆ ಅಪ್ಪ ರಸ್ತೆ ದಾಟಿ ದರ್ಜಿಯ ಅಂಗಡಿ ಮುಂದೆ ನಿಂತು, ಒಂದು ಕಣ್ಣು ಮುಚ್ಚಿ, ಹೆಬ್ಬೆರಳು ಮುಂದೆ ಚಾಚಿ ಮನೆ ನೋಡಿದರು. ಮಗಳನ್ನೂ ಕರೆದು ನಿಲ್ಲಿಸಿಕೊಂಡರು.

"ಹೇಗಿದೆ ಮರಿ?"

"ಚೆನ್ನಾಗಿದೆ ಅಪ್ಪ."

"ನೋಡ್ದ್ಯಾ! ಓದಿದವರ ಕಣ್ಣೇ ಬೇರೆ."

ಮರುದಿನ ಅಪ್ಪ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿ ಕಪ್ಪು ಕಿಟಕಿಗಳಿದ್ದ ಮನೆಗಳ ಫೋಟೊ ತೆಗೆಸಿದರು. ಒಂದು ಮನೆಯಿಂದ ಲುಂಗಿಯುಟ್ಟ ಗಂಡಸೊಬ್ಬ ಹೊರಬಂದು, "ಯಾರ್ರೀ ನೀವು? ಯಾಕ್ರೀ ನಮ್ಮನೆ ಫೋಟೊ?" ಎಂದು ದಬಾಯಿಸಿದಾಗ ಅಪ್ಪ ಒಂದಿಷ್ಟೂ ಅಳುಕದೆ, "ನನ್ನ ಮಗಳು ಸಾರ್. ನಿಮ್ಮ ಕಿಟಕಿ ನೋಡಿ ಗಾಡಿ ನಿಲ್ಲಿಸಿ ನಿಲ್ಲಿಸಿ ಅಂತ ಪ್ರಾಣ ತಿಂದ್ಲು," ಎಂದುಬಿಟ್ಟರು. ಆತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಆತ ಖುಷಿಯಾಗಿ ಹಿಂದಿನ ಕಿಟಕಿಗಳನ್ನೂ ತೋರಿಸಿದ. ಮನೆಗೆ ಬಂದು ಅವಳು ಮುಖ ತೊಳೆದುಕೊಂಡಳು. ಮತ್ತೊಮ್ಮೆ ತೊಳೆದುಕೊಂಡಳು. ಆ ಹೂಂ ಮಾತ್ರ ಹೋಗಲಿಲ್ಲ.

ಅಮ್ಮ ಸುಮ್ಮನಿರುವವರೇ? ಅಪ್ಪ ಮಧ್ಯಾಹ್ನ ಮಲಗಿದ್ದಾಗ ಅದೇ ಕಿಟಕಿಯ ಎಡಭಾಗಕ್ಕೆ, ಹಳೆಯ ಪುಸ್ತಕಕ್ಕೆ ಹಾಕುವ ಕಂದು ಕಾಗದ ತಂದು ಅಂಟಿಸಿದರು. "ಕೊಳೆ ಕೂತ್ರೂ ಕಾಣಲ್ಲ. ಒರೆಸೋದು ನಾನು ತಾನೇ? ನಿಮ್ಮಪ್ಪ ಬಂದು ಒರೆಸ್ತಾರಾ? ಹೇಳು, ಚೆನ್ನಾಗಿದೆಯೋ ಇಲ್ವೋ?" ಇದು ಪ್ರಶ್ನೆಯಲ್ಲ, ಗದರಿಕೆ. ಚೆನ್ನಾಗಿದೆ, ಎಂದಳು. ಸಂಜೆ ಅಣ್ಣ ಬಂದವನು ಎಲ್ಲಿಂದಲೋ ಬೂದುಗಪ್ಪು ಪ್ಲಾಸ್ಟಿಕ್ಕಿನ ಹಾಳೆ ತಂದು ಮೇಲಿನ ಅಂಚಿಗೆ ಮೆತ್ತಿ, ಫೋನಿನಲ್ಲಿ ಮನೆಯ ಚಿತ್ರಕ್ಕೆ ಬಣ್ಣ ಹಚ್ಚಿ ಅವಳಿಗೆ ಕಳಿಸಿದ. ಅವಳು ಹೆಬ್ಬೆರಳು ಎತ್ತಿದ ಗುರುತು ಒತ್ತಿದಳು. ಆ ಗುರುತು ಒತ್ತದಿದ್ದರೆ ಅವನು ಕೋಣೆಗೇ ಬಂದು ಕೂತು ವಿವರಿಸುತ್ತಿದ್ದ.

ಹೀಗೆ ಬಣ್ಣದ ಪ್ರಯೋಗಶಾಲೆಯಾದ ಕಿಟಕಿಯ ಒಳಗಡೆ ಏನಾಗುತ್ತಿದೆ ಎಂದು ಯಾರೂ ಕೇಳಲಿಲ್ಲ. ಒಳಗೆ ಅವಳ ಟೇಬಲ್ಲಿತ್ತು. ಹೊರಗಿನಿಂದ ನೋಡಿದರೆ ಎಡಭಾಗದ ಗಾಜಿಗೆ ಒತ್ತಿಕೊಂಡೇ ಇತ್ತು. ಅಚ್ಚಿನ ಹಾಳೆಗಳನ್ನು ಪಕ್ಕಪಕ್ಕ ಹರಡಿದರೆ ಅವೆಲ್ಲದರ ಮೇಲೆ ಒಂದೇ ಸಮನೆ ಬೆಳಕು ಬೀಳುವ ಜಾಗ ಇಡೀ ಮನೆಯಲ್ಲಿ ಅದೊಂದೇ. ಅಂಟಿಸಿದ ಕಾಗದಗಳು ಗಾಜಿನ ಮೇಲೂ ಚಾಚಿಕೊಂಡಿದ್ದರಿಂದ ಈಗ ಹಗಲಲ್ಲೂ ದೀಪ ಹಾಕಿಕೊಂಡು, ಕಾಗದದ ನೆರಳು ತಪ್ಪಿಸಿ ತಪ್ಪಿಸಿ ಓದಬೇಕಿತ್ತು. ಒಂದು ಪುಟದಲ್ಲಿ ಇಡೀ ಸಾಲೇ ಬಿಟ್ಟುಹೋಗಿದ್ದು ಅವಳ ಕಣ್ಣಿಗೆ ಬೀಳಲಿಲ್ಲ. ಪ್ರೆಸ್ಸಿನವರು ಫೋನ್ ಮಾಡಿ, "ನಿಮ್ಮಿಂದ ಹೀಗಾಗಲ್ವಲ್ಲಮ್ಮ, ಹುಷಾರಿಲ್ವಾ?" ಎಂದರು. ಹುಷಾರಿಲ್ಲ ಎಂದಳು. ಅಪ್ಪನ ಕಾಡಿಗೆ, ಅಮ್ಮನ ಪುಸ್ತಕದ ಕಾಗದ, ಅಣ್ಣನ ಇದ್ದಿಲು ಎಂದು ಯಾರಿಗೆ ವಿವರಿಸುವುದು?

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಈ ಕೂಸಿಗೆ ಪದವಿ ಬೇರೆ ಇತ್ತು.

ಕಡೆಗೂ ಆ ದಿನ ಬಂದೇ ಬಂತು. ಕಿಟಕಿಯವನು ಬಂದ. ಚೌಕಟ್ಟಿನ ಹೊಳೆಯುವ ಮಾದರಿ ತುಂಡುಗಳ ಗೊಂಚಲನ್ನು ಬ್ಯಾಗಿನಿಂದ ತೆಗೆದು ಹಾಲಿನ ನಡುವೆ ಹರವಿದ. ಅಪ್ಪ ಕಪ್ಪನ್ನು ಎತ್ತಿಕೊಂಡರೆ "ಒಳ್ಳೇ ಸೆಲೆಕ್ಷನ್ ಸಾರ್," ಅಮ್ಮ ಕಂದನ್ನು ಎತ್ತಿಕೊಂಡರೆ "ಮೇಡಂ ಕಣ್ಣು ಅಂದ್ರೆ ಕಣ್ಣು," ಅಣ್ಣ ಇದ್ದಿಲನ್ನು ಎತ್ತಿಕೊಂಡರೆ "ಬ್ರದರ್ ಅಪ್ಡೇಟ್ ಆಗಿದಾರೆ." ಅವಳಿಗೆ ಅವನ ಮೇಲೆ ಒಂದು ಬಗೆಯ ಅಸೂಯೆಯಾಯಿತು. ತಾನು ಮಾಡುವುದನ್ನೇ ಈತನೂ ಮಾಡುತ್ತಾನೆ. ಆದರೆ ಈತನಿಗೆ ಅದು ವ್ಯಾಪಾರ, ಹೊಟ್ಟೆನೋವಲ್ಲ.

"ಕಪ್ಪು ಅಂತ ಬರ್ಕೊಳ್ಳಿ," ಎಂದರು ಅಪ್ಪ. "ನಾನು, ಮರಿ ಇಬ್ರೂ ಒಪ್ಪಿದೀವಿ."

"ಮರಿ ಯಾವಾಗ ಒಪ್ಪಿದ್ಲು?" ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನನ್ನ ಹತ್ರ ಕಂದು ಅಂದಿದಾಳೆ. ಬಾಗಿಲ ಮುಂದೆ ನಿಂತು ಅಂದಿದಾಳೆ."

"ಒಂದ್ನಿಮಿಷ, ಒಂದ್ನಿಮಿಷ," ಅಣ್ಣ ಫೋನು ಮುಂದೆ ಹಿಡಿದ. "ಇದು ಯಾರ ಹೆಬ್ಬೆಟ್ಟು? ನೋಡ್ಕೊಳ್ಳಿ."

ಎಲ್ಲರೂ ಬಾಗಿಲಿಗೆ ಒರಗಿ ನಿಂತಿದ್ದ ಅವಳತ್ತ ತಿರುಗಿದರು. ಏನಾಯಿತೆಂದು ಅತ್ತೆ ಕೇಳಿದರು, ಅಣ್ಣ ಅವರ ಕಿವಿಯ ಹತ್ತಿರ ಹೋಗಿ ಕೂಗಿ ಹೇಳಿದ.

"ಮೂರು ಪಕ್ಷಕ್ಕೂ ಒಬ್ಬಳೇ ಓಟು ಹಾಕಿದಾಳಾ?" ಅತ್ತೆಗೆ ನಗು ತಡೆಯಲಾಗಲಿಲ್ಲ. "ಭೇಷ್ ಕಣೇ! ನಿನ್ನನ್ನೇ ಚುನಾವಣೆಗೆ ನಿಲ್ಲಿಸ್ಬೇಕು."

"ಮರಿ, ಸರಿಯಾಗಿ ಹೇಳು. ಯಾವುದು ಚೆನ್ನಾಗಿದೆ?" ಅಪ್ಪನ ದನಿ ಕಚೇರಿಯ ದನಿಯಾಯಿತು.

ಅವಳು ಬಾಯಿ ತೆರೆದಳು. "ಮೂರೂ..." ಎಂದಳು. "ಮೂರೂ ಚೆನ್ನಾಗೇ ಇದೆ."

"ಕೋಲೆ ಬಸವನ್ನ ಕೇಳಿದ್ರೂ ಇದಕ್ಕಿಂತ ಸ್ಪಷ್ಟವಾಗಿ ತಲೆ ಆಡಿಸ್ತಿತ್ತು," ಎಂದು ಅಣ್ಣ ಗೊಣಗಿದ. ಅಮ್ಮ ಹಣೆ ಹಣೆ ಬಡಿದುಕೊಂಡರು. ಕಿಟಕಿಯವನೊಬ್ಬನೇ ಮೆಚ್ಚಿಕೊಂಡ. "ಸಿಸ್ಟರ್ ಹೇಳೋದು ಕರೆಕ್ಟ್ ಸಾರ್. ಮೂರೂ ಓಡೋ ಬಣ್ಣಾನೇ."

ಆಮೇಲೆ ಜಗಳ ಎಳೆದ ಕಡೆಗೆಲ್ಲ ಹೋಯಿತು. ಕಪ್ಪಿಗೆ ಬಿಸಿಲಲ್ಲಿ ಕೈಯಿಟ್ಟರೆ ಸುಡುತ್ತೆ ಎಂದು ಅಮ್ಮ. ಕಂದು ಹಾಕಿದರೆ ಅಲ್ಯೂಮಿನಿಯಂ ಮರದ ವೇಷ ಹಾಕಿದ ಹಾಗಿರುತ್ತೆ ಎಂದು ಅಪ್ಪ. ಇಬ್ಬರಿಗೂ ರುಚಿಯೇ ಇಲ್ಲ ಎಂದು ಅಣ್ಣ. ರುಚಿ ಇಲ್ಲದಿದ್ದರೆ ನಾಳೆಯಿಂದ ನೀನೇ ಅಡುಗೆ ಮಾಡಿಕೋ ಎಂದು ಅಮ್ಮ. ಹೊತ್ತಾಗುತ್ತಿದೆಯೆಂದು ಕಿಟಕಿಯವನು ಟೇಪು ಹಿಡಿದು ಹೊರಗೆ ಹೋಗಿ ಅಳತೆ ತೆಗೆದು, ತಲೆ ಕೆರೆದುಕೊಳ್ಳುತ್ತಾ ಬಂದ.

"ಬಣ್ಣ ಯಾವುದಾದ್ರೂ ಆಗ್ಲಿ ಸಾರ್, ಒಂದು ಮಾತು. ಕಡುಬಣ್ಣ ಹಾಕಿದ್ರೆ ಗೋಡೆ ಮೇಲೆ ಗೆರೆ ಎಳೆದ ಹಾಗಾಗುತ್ತೆ. ಏನೇ ವ್ಯತ್ಯಾಸ ಇದ್ರೂ ಎದ್ದು ಕಾಣುತ್ತೆ. ಎರಡು ಕಿಟಕಿ ಒಂದಳತೆ, ಆ ಮೂಲೆದೊಂದು ಮಾತ್ರ ಅಗಲ. ಅದರ ಎಡಭಾಗಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿಬಿಟ್ರೆ ಮೂರೂ ಒಂದೇ ಥರ. ನಂಗೂ ಒಂದೇ ಅಳತೇಲಿ ಕೆಲಸ ಮುಗಿಯುತ್ತೆ."

"ಹೌದಲ್ವಾ!" ಎಂದರು ಅಪ್ಪ.

"ನಂಗೂ ಅದು ಒಂಥರಾ ಅನಿಸ್ತಿತ್ತು," ಎಂದರು ಅಮ್ಮ.

"ಸಿಮೆಟ್ರಿ ಬರುತ್ತೆ," ಎಂದ ಅಣ್ಣ.

ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕಪ್ಪಿಗೂ ಕಂದಿಗೂ ಇದ್ದಿಲಿಗೂ ಹಾವು ಮುಂಗುಸಿಗಳಾಗಿದ್ದವರು, ಅಬ್ಬಾ, ಎಷ್ಟು ಸಲೀಸಾಗಿ ಒಂದಾಗಿಬಿಟ್ಟರು! ಇಷ್ಟು ದಿನದ ರಾದ್ಧಾಂತದಲ್ಲಿ ಮನೆಯವರೆಲ್ಲ ಒಟ್ಟಿಗೆ ಒಪ್ಪಿದ ಮೊದಲ ಸಂಗತಿ ಅವಳ ಬೆಳಕನ್ನು ಇಟ್ಟಿಗೆಯಿಂದ ಮುಚ್ಚುವುದು.

"ಆ ಕಡೆ ಇವಳ ಟೇಬಲ್ ಇದೆಯಲ್ಲ?" ಅಪ್ಪನಿಗೆ ಅಷ್ಟಾದರೂ ನೆನಪಿತ್ತು.

"ಟೇಬಲ್ಲಿಗೇನು ಕಾಲಿಲ್ವಾ? ಈ ಕಡೆ ಎಳ್ಕೊಂಡ್ರಾಯ್ತು," ಎಂದರು ಅಮ್ಮ. "ಇನ್ನೆಷ್ಟು ದಿನ ಅಂತ ಇರ್ತಾಳೆ ಆ ರೂಮಲ್ಲಿ? ನಾಳೆ ಮದುವೆಯಾಗಿ ಹೋಗೋಳು."

"ಆಯ್ತಾ ಮರಿ?"

ಈ ಕಡೆ ಬೀರು ಇದೆ, ಅದು ಗೋಡೆಗೆ ಸೇರಿಸಿ ಕಟ್ಟಿದ್ದು, ಟೇಬಲ್ಲಿಗೆ ಅಲ್ಲಿ ಜಾಗವೇ ಇಲ್ಲ. ಇದಿಷ್ಟೂ ಅವಳ ತಲೆಯಲ್ಲಿ ಅಚ್ಚುಕಟ್ಟಾದ ವಾಕ್ಯವಾಗಿ, ಪೂರ್ಣವಿರಾಮ ಸಮೇತ ಸಿದ್ಧವಾಗಿತ್ತು. ಬಾಯಿಂದ ಬಂದದ್ದು ಹೂಂ.

ಆಮೇಲಿನ ದಿನಗಳಲ್ಲಿ ಹೇಳಲು ನೋಡಲಿಲ್ಲವೆಂದಲ್ಲ. ಅಮ್ಮ ತರಕಾರಿ ಹೆಚ್ಚುತ್ತಿದ್ದಾಗ ಹತ್ತಿರ ಹೋಗಿ, "ಅಮ್ಮ, ಆ ಕಿಟಕಿ ವಿಷಯ..." ಎಂದಳು. "ಗೊತ್ತು ಬಿಡು, ನಿಂಗೆ ಕಂದೇ ಇಷ್ಟ, ಅಪ್ಪನ ಮುಂದೆ ಹೆದರ್ಕೊಂಡೆ," ಎಂದು ಅಮ್ಮ ಅವಳ ಬಾಯಿಗೆ ಒಂದು ಕ್ಯಾರೆಟ್ ತುಂಡು ಹಾಕಿದರು. ಅಪ್ಪನ ಹತ್ತಿರ ಹೋದರೆ, "ಅಮ್ಮನಿಗೆ ಬೇಜಾರಾಗುತ್ತೆ ಅಂತ ಮೂರೂ ಚೆನ್ನಾಗಿದೆ ಅಂದ್ಯಲ್ಲ, ನಂಗರ್ಥ ಆಯ್ತು ಮರಿ," ಎಂದು ಬೆನ್ನು ತಟ್ಟಿದರು. ಅಣ್ಣನಿಗೆ ಫೋನಿನಲ್ಲಿ ಉದ್ದಕ್ಕೆ ಬರೆದು, ಓದಿ, ಎರಡು ಕಡೆ ತಪ್ಪು ತಿದ್ದಿ, ಅಳಿಸಿಹಾಕಿದಳು. ಅವಳಿಗೆ ಅವರೆಲ್ಲರ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ತನ್ನ ಮೇಲೇ ಬಂತು. ಮಾತಾಡದವರ ಮಾತನ್ನು ಮನೆಯವರು ತಮಗೆ ಬೇಕಾದ ಹಾಗೆ ಹೊಲಿದುಕೊಂಡು ತೊಟ್ಟುಕೊಳ್ಳುತ್ತಾರೆ. ಬಟ್ಟೆ ಕೊಟ್ಟವಳು ತಾನೇ ತಾನೆ?

ಬಣ್ಣ ಇನ್ನೂ ತೀರ್ಮಾನವಾಗಿರಲಿಲ್ಲ. ಗಾರೆಯವನು ಮಾತ್ರ ಬಂದ. ಗೋಡೆ ಕೆಲಸ ಮೊದಲು ಮುಗಿದರೆ ಒಣಗುತ್ತೆ ಎಂದು ಕಿಟಕಿಯವನೇ ಕಳಿಸಿದ್ದ. ಹಳೆಯ ಚೌಕಟ್ಟನ್ನು ಕಿತ್ತು ಅಂಗಳಕ್ಕೆ ಎಸೆದ. ಅಂಟಿಸಿದ್ದ ಕಪ್ಪು, ಕಂದು, ಬೂದು ಕಾಗದಗಳೆಲ್ಲ ಅದರ ಜೊತೆಗೇ ಹೋದವು.

ಅವಳು ಟೇಬಲ್ಲಿನ ಮೇಲಿನ ಹಾಳೆಗಳನ್ನು ಧೂಳು ಬೀಳದಂತೆ ಎತ್ತಿಡಲೆಂದು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು. ಚೌಕಟ್ಟು, ಕಂಬಿ, ಗಾಜು ಯಾವುದೂ ಇಲ್ಲದ ಅಂಗಡಿಯಗಲದ ಬಾಯಿಯಿಂದ ಬೆಳಕು ಒಂದೇ ಸಲಕ್ಕೆ ಒಳಗೆ ನುಗ್ಗಿ ಟೇಬಲ್ಲಿನ ಮೇಲೆ ಕೂತುಬಿಟ್ಟಿತ್ತು. ಪೆನ್ನಿನ ಮುಚ್ಚಳ, ರಬ್ಬರಿನ ಪುಡಿ, ನಿನ್ನೆಯ ಲೋಟದ ಕಲೆ ಎಲ್ಲವೂ ಕಾಣುತ್ತಿದ್ದವು. ಅಚ್ಚಿನ ಹಾಳೆಯಲ್ಲಿ ಅವಳು ನಿಂತಲ್ಲಿಂದಲೇ ಒಂದು ತಪ್ಪು ಕಂಡಿತು.

ಹೊರಗೆ ಗಾರೆಯವನು ಬಾಣಲಿಯಲ್ಲಿ ಸಿಮೆಂಟು ಕಲಸಿ, ಕಿಟಕಿಯ ಕೆಳಗಿನ ಅಂಚಿನಲ್ಲಿ ನಡುವೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದ.

"ಅಮ್ಮಾವ್ರೇ, ಈ ಗೆರೆಯಿಂದ ಆಚೆ ಮುಚ್ಬಿಡ್ಲಾ?" ಎಂದು ಅವಳನ್ನು ಕೇಳಿದ. ಅವಳನ್ನು ಕೇಳಬೇಕೆಂದು ಕೇಳಿದ್ದಲ್ಲ, ಎದುರಿಗೆ ಅವಳಿದ್ದಳು.

ಅವಳು ಕಿಟಕಿಯ ಹತ್ತಿರ ಬಂದು ಹೊರಗೆ ನೋಡಿದಳು. ಅವನ ಭುಜದಾಚೆ, ರಸ್ತೆಯ ಆ ಬದಿಯಲ್ಲಿ, ದರ್ಜಿಯ ಅಂಗಡಿ ಮುಂದೆ ಅಪ್ಪ ಅಮ್ಮ ಅಣ್ಣ ಸಾಲಾಗಿ ನಿಂತು ಮನೆಯನ್ನು ನೋಡುತ್ತಿದ್ದರು. ಕೈಗಳು ಹಾರಾಡುತ್ತಿದ್ದವು. ಅವಳು ಕಿಟಕಿಯಲ್ಲೇ ನಿಂತಿದ್ದರೂ ಒಬ್ಬರಿಗೂ ಕಾಣಲಿಲ್ಲ. ಅವರು ನೋಡುತ್ತಿದ್ದದ್ದು ಅಂಚುಗಳನ್ನು.

ಉತ್ತರ ಬಾರದ್ದನ್ನು ಹೂಂ ಎಂದುಕೊಂಡು ಗಾರೆಯವನು ಕರಣೆಯ ತುಂಬ ಸಿಮೆಂಟು ತೆಗೆದುಕೊಂಡು ಅಂಚಿಗೆ ಬಳಿದು ಮೊದಲ ಇಟ್ಟಿಗೆ ಇಟ್ಟ. ಎರಡು ಸಲ ಕುಟ್ಟಿದ.

"ಒಂದು ನಿಮಿಷ ನಿಲ್ಲಿಸಿ," ಎಂದಳು. ಅವಳಿಗೇ ಆಶ್ಚರ್ಯವಾಯಿತು. ಅವನು ನಿಲ್ಲಿಸಿದ.

ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಬಂದಳು. ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದ ಅತ್ತೆ, "ಬರಿಗಾಲಲ್ಲಿ ಎಲ್ಲಿಗೇ?" ಎಂದು ಎದ್ದು ಹಿಂದೆಯೇ ಬಂದರು. ಜಗಳ ಹತ್ತಿರದಿಂದ ನೋಡುವ ಅವಕಾಶವನ್ನು ಅವರು ಎಂದೂ ಬಿಟ್ಟವರಲ್ಲ. ಒಂದು ಆಟೊ ಹೋಗಲು ಬಿಟ್ಟು ಇಬ್ಬರೂ ರಸ್ತೆ ದಾಟಿದರು.

"ಬಂದ್ಲು ನೋಡು. ಈಗ ಇಲ್ಲಿಂದಲೇ ಹೇಳ್ಲಿ," ಎಂದರು ಅಪ್ಪ. "ಮರಿ, ಇತ್ತ ನಿಂತ್ಕೋ. ಒಂದು ಕಣ್ಣು ಮುಚ್ಚು. ಕಪ್ಪು ತಾನೇ?"

"ಯಾಕೆ ಅವಳ ಬಾಯಲ್ಲಿ ನೀವೇ ಕಪ್ಪು ತುರುಕ್ತೀರಾ?"

"ಅಮ್ಮ, ನೀನು ತುರುಕಿಲ್ವಾ?"

"ಅಪ್ಪ," ಎಂದಳು.

"ಹೇಳು."

ಅಭ್ಯಾಸಬಲದಿಂದ ಚೆನ್ನಾಗಿದೆ ಎನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದಳು. ಮೊಳೆ ನುಂಗಿದ ಹಾಗಾಯಿತು. "ಕಿಟಕಿ ಮುಚ್ಚೋದು ಬೇಡ," ಎಂದಳು. ದನಿ ಎಷ್ಟು ಚಿಕ್ಕದಾಗಿ ಬಂತೆಂದರೆ ದರ್ಜಿಯ ಮಿಷನ್ನಿನ ಸದ್ದಿನಲ್ಲಿ ಅವಳಿಗೇ ಅರ್ಧ ಕೇಳಿಸಿತು.

"ಏನಂದ್ಲು?" ಅಮ್ಮ ಅಣ್ಣನನ್ನು ಕೇಳಿದರು.

"ಏನೋ ಬೇಡ ಅಂದ್ಲು. ಕಂದು ಬೇಡ ಅಂತಿರ್ಬೇಕು."

"ಏನಂತೆ ಇವಳಿಗೆ?" ಅತ್ತೆ ಕೈಯನ್ನು ಕಿವಿಗೆ ಒಡ್ಡಿ ಅವಳ ಮುಖದ ಹತ್ತಿರಕ್ಕೆ ಬಂದರು. "ಬಾಯಿ ಬಿಟ್ಟು ಹೇಳೇ! ಒಳಗೊಳಗೇ ಗುನುಗಿದ್ರೆ ನನಗೇನು ಕನಸು ಬೀಳುತ್ತಾ?"

ಅತ್ತೆಗೆ ಕೇಳಿಸಬೇಕಾದರೆ ಕೂಗಲೇಬೇಕು, ಅದು ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಅವಳು ಅತ್ತೆಯ ಕಿವಿಗೆ ಕೂಗಿದಳು. ಮಿಷನ್ನು ನಿಲ್ಲಿಸಿ ದರ್ಜಿಯೂ ತಲೆಯೆತ್ತಿದ, ಎದುರಿಗೆ ಗಾರೆಯವನೂ ಕರಣೆ ಹಿಡಿದು ತಿರುಗಿದ.

"ನನ್ನ ಕಿಟಕಿಗೆ ಇಟ್ಟಿಗೆ ಕಟ್ಟೋದು ನಂಗೆ ಸುತರಾಂ ಇಷ್ಟ ಇಲ್ಲ! ನಾನಲ್ಲಿ ಕೂತು ಕೆಲಸ ಮಾಡ್ತೀನಿ, ನಂಗೆ ಆ ಬೆಳಕು ಪೂರ್ತಿ ಬೇಕು. ಬಣ್ಣ ನೀವು ಯಾವ್ದಾದ್ರೂ ಬಳ್ಕೊಳ್ಳಿ!"